ಪಿಯಾನೋ ಚೇಟ್ಟ ಹುಡುಕಿದ ಸದ್ದು

ಮನೆಯೊಳಗೆ ಕಾಲಿಟ್ಟ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ನಮ್ಮ ಗೋಡೆ ಗಡಿಯಾರವನ್ನು ನಿಲ್ಲಿಸುವುದು. ಕುರ್ಚಿ ಹತ್ತಿ, ಗಾಜಿನ ಬಾಗಿಲು ತೆರೆದು, ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನಾಗಿಸುತ್ತಿದ್ದರು. ಆಮೇಲೆ ಅಡುಗೆಮನೆಯ ಬಾಗಿಲಿನವರೆಗೆ ಬಂದು, ಹೊಸ್ತಿಲಿನ ಈಚೆಯೇ ನಿಂತು, "ಅಮ್ಮ, ಕಡೆಯುದು ಇನ್ನು ಎಷ್ಟು ಹೊತ್ತು ಉಂಟು?" ಎಂದು ಕೇಳುತ್ತಿದ್ದರು. ಕೋರ್ಟಿನಲ್ಲಿ ಗುಡುಗುತ್ತಿದ್ದ ನನ್ನ ಮಾವನೂ ಅತ್ತೆಯ ಎದುರು ಸ್ವರ ತಗ್ಗಿಸಿ ಮಾತಾಡುತ್ತಿದ್ದರು. ಅಂಥ ಅತ್ತೆ, ಇವರು ಕೇಳಿದರೆ ಮಾತ್ರ ಕಡೆಯುವ ಕಲ್ಲಿನಲ್ಲಿ ರುಬ್ಬುವುದನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಪುತ್ತೂರು ಪೇಟೆಯ ಆ ಗದ್ದಲದ ಮನೆ ವರ್ಷಕ್ಕೊಂದು ದಿನ ಉಸಿರು ಹಿಡಿದು ಕೂತಂತೆ ಇರುತ್ತಿತ್ತು.

ಅವರು ಪಿಯಾನೋಗಳಿಗೆ ಶ್ರುತಿ ಕೂರಿಸುವವರು. ಕೇರಳದಿಂದ ಬಂದು ಕಡಬದ ಆಚೆ ರಬ್ಬರ್ ಹಾಕಿಕೊಂಡಿದ್ದ ಕ್ರೈಸ್ತ ಕುಟುಂಬದವರು. ಅವರಿಗೊಂದು ಚಂದದ ಹೆಸರಿತ್ತು. ಆದರೆ ಪುತ್ತೂರು, ಸುಳ್ಯ, ಕಡಬದಲ್ಲಿ ಅವರನ್ನು ಬಲ್ಲವರೆಲ್ಲ ಕರೆಯುತ್ತಿದ್ದುದು ಪಿಯಾನೋ ಚೇಟ್ಟ ಎಂದು. ಚೇಟ್ಟ ಅಂದರೆ ಮಲಯಾಳದಲ್ಲಿ ಅಣ್ಣ. ನನ್ನನ್ನು ಅವರು ಮೊದಲ ದಿನದಿಂದಲೇ "ಮೋಳೆ" ಎಂದರು, ಮಗಳೇ ಎಂದು.

ಅವರು ತೀರಿಕೊಂಡ ಸುದ್ದಿ ಅವರ ಮಗಳ ಕಾಗದದಲ್ಲಿ ಬಂತು. "ಕೊನೆಯವರೆಗೂ ಅಪ್ಪನ ಕಿವಿ ಚೆನ್ನಾಗಿತ್ತು. ಪಕ್ಕದ ಮನೆಯ ಪಂಪು ಸರಿಯಿಲ್ಲ ಅಂತ ಮಲಗಿದಲ್ಲಿಂದಲೇ ಹೇಳುತ್ತಿದ್ದರು" ಎಂದು ಬರೆದಿದ್ದಳು. ಓದಿ ನಗು ಬಂತು, ಆಮೇಲೆ ಕಣ್ಣು ಒದ್ದೆಯಾಯಿತು. ಅವರನ್ನು ನೆನೆದಾಗೆಲ್ಲ ನನಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಗುರ. ಯಾಕೆಂದು ಬರೆಯದೆ ಇದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ಕುಳ್ಳನೆಯ ಆಳು. ಬಿಳಿ ಮುಂಡುಪಂಚೆ, ಮುಂಗೈವರೆಗೆ ಗುಂಡಿ ಹಾಕಿದ ಅಂಗಿ. ಅಂಗಿ ಎಷ್ಟು ಒಗೆದದ್ದಾದರೂ ಅದರಲ್ಲಿ ರಬ್ಬರ್ ಶೀಟಿಗೆ ಹೊಗೆ ಹಾಕುವ ಮನೆಯ ವಾಸನೆ. ಬೆರಳುಗಳು ದಪ್ಪ, ಉಗುರಿನ ಸುತ್ತ ರಬ್ಬರ್ ಹಾಲಿನ ಕಪ್ಪು. ಅಂಥ ಬೆರಳಿನವರು ಕೂದಲೆಳೆಯಷ್ಟು ಸೂಕ್ಷ್ಮ ಕೆಲಸ ಮಾಡುತ್ತಾರೆಂದು ನೋಡಿದವರು ನಂಬುತ್ತಿರಲಿಲ್ಲ. ಹುಡುಗನಾಗಿದ್ದಾಗ ಮದ್ರಾಸಿನಲ್ಲಿ ಪಿಯಾನೋ ದುರಸ್ತಿ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಆಮೇಲೆ ಅದನ್ನು ಬಿಟ್ಟು ತಂದೆಯ ಜೊತೆ ಕಡಬಕ್ಕೆ ಬಂದು ಕಾಡು ಕಡಿದವರು. ನಮ್ಮ ಸೀಮೆಯಲ್ಲಿ ಪಿಯಾನೋ ಎಂಬುದು ಕೈಬೆರಳಲ್ಲಿ ಎಣಿಸುವಷ್ಟು. ಹಾಗಾಗಿ ರಾಮಕುಂಜ, ಸುಬ್ರಹ್ಮಣ್ಯದ ಕಡೆಯ ಹಾರ್ಮೋನಿಯಂಗಳನ್ನೂ ನೋಡುತ್ತಿದ್ದರು. ಅವುಗಳ ಬಗ್ಗೆ ಮಾತಾಡುವಾಗ ಮಾತ್ರ ಸ್ವಲ್ಪ ಉದಾಸೀನ. "ಅದಕ್ಕೆ ಗಾಳಿ ಕೊಟ್ಟರೆ ಆಯ್ತು. ಇದು ಹಾಗಲ್ಲ ಮೋಳೆ, ಇದಕ್ಕೆ ಬೇಸರ ಆಗ್ತದೆ."

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಒಬ್ಬರಿಂದ ನಾಲ್ಕು ವರ್ಷ ಪಿಯಾನೋ ಕಲಿತಿದ್ದೆ. ಹೆಣ್ಣು ನೋಡಲು ಬಂದ ದಿನ ಇದನ್ನು ಕೇಳಿ ಮಾವನಿಗೆ ಎಲ್ಲಿಲ್ಲದ ಹುರುಪು. ಸುಳ್ಯ ಕಳೆದು ಘಾಟಿ ಹತ್ತಿದ ಮೇಲೆ ಸಿಗುವ ಒಂದು ಎಸ್ಟೇಟಿನ ಬಂಗಲೆಯಲ್ಲಿ, ಹಿಂದಿನ ಇಂಗ್ಲಿಷ್ ದೊರೆಗಳು ಬಿಟ್ಟುಹೋದ ಸಾಮಾನುಗಳನ್ನು ಮಾರುತ್ತಿದ್ದರಂತೆ. ಮಾವ ತಮ್ಮ ಕಕ್ಷಿಗಾರರೊಬ್ಬರನ್ನು ಹಿಡಿದು ಅಲ್ಲಿಯ ಪಿಯಾನೋವನ್ನು ಲಾರಿಯಲ್ಲಿ ಬೈಹುಲ್ಲಿನ ನಡುವೆ ನಿಲ್ಲಿಸಿ ತರಿಸಿದರು. ನಾನು ಬರುವಾಗ ಅದು ಚಾವಡಿಯಲ್ಲಿ ಕಪಾಟಿನಂತೆ ನಿಂತಿತ್ತು. ಮುಂಭಾಗದಲ್ಲಿ ಮೇಣದಬತ್ತಿ ಇಡಲು ಎರಡು ಹಿತ್ತಾಳೆಯ ಕೈಗಳು, ಹಳದಿಗಟ್ಟಿದ ದಂತದ ಕೀಗಳು. ಒತ್ತಿದರೆ ಒಂದು ಸ್ವರಕ್ಕೆ ಇನ್ನೊಂದರ ಗುರುತಿರಲಿಲ್ಲ.

ಚೇಟ್ಟ ಮೊದಲ ಸಲ ಬಂದಾಗ ಅದರ ಸುತ್ತ ಎರಡು ಸುತ್ತು ಬಂದರು. ಬೆನ್ನಿನ ಹಲಗೆಗೆ ಗೆಣ್ಣಿನಿಂದ ತಟ್ಟಿ ಕೇಳಿದರು. ಮುಚ್ಚಳ ಎತ್ತಿ ಒಳಗೆ ಮೂಸಿದರು.

"ಪ್ರಾಯ ನೂರರ ಹತ್ತಿರ ಆಗಿದೆ. ಆದರೆ ಎದೆ ಗಟ್ಟಿ ಉಂಟು," ಎಂದರು.

"ರೇಡಿಯೋದಲ್ಲಿ ಬರ್ತದಲ್ಲ, ಆ ಶ್ರುತಿಗೆ ಸರಿಯಾಗಿ ಕೂರಿಸಿ," ಎಂದರು ಮಾವ.

"ಆಗುದಿಲ್ಲ ಸಾರ್. ಅರ್ಧ ಸ್ವರ ಕೆಳಗೆ ಕೂರಿಸ್ತೇನೆ. ಅಲ್ಲಿ ಇದಕ್ಕೆ ಸುಖ."

"ಪಿಯಾನೋಗೆ ಎಂತ ಸುಖ ಮಾರಾಯ್ರೆ?"

"ಒಂದೊಂದು ತಂತಿಯಲ್ಲಿ ಒಬ್ಬೊಬ್ಬ ಆಳು ನೇತಾಡಿದಷ್ಟು ಎಳೆತ ಉಂಟು ಸಾರ್. ತಂತಿ ಇನ್ನೂರರ ಮೇಲೆ. ಹಳೆಯ ಕಬ್ಬಿಣ. ಮತ್ತೂ ಎಳೆದರೆ ಹೊರ್ತದೆ, ಹೊರ್ತದೆ, ಒಂದು ದಿನ ಬಿರಿತದೆ. ನಾನು ನೋಡಿದ್ದೇನೆ."

ಮಾವ ವಾದ ಮುಂದುವರಿಸಲಿಲ್ಲ. ನಾನು ಕಂಡಂತೆ ಮನೆಯ ಹೊರಗಿನವರ ಎದುರು ಅವರು ಬೇಗ ಸೋತದ್ದು ಅದೇ ಮೊದಲು.

ಒಂದು ಸ್ವರಕ್ಕೆ ಮೂರು ತಂತಿ. ಎರಡಕ್ಕೆ ತಮ್ಮದೇ ತೋಟದ ರಬ್ಬರಿನಿಂದ ಕೊಯ್ದ ಬೆಣೆ ತುರುಕಿ ಬಾಯಿ ಮುಚ್ಚಿಸಿ, ಒಂದನ್ನು ಸರಿಮಾಡಿ, ಆಮೇಲೆ ಉಳಿದೆರಡನ್ನು ಅದಕ್ಕೆ ಸೇರಿಸುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿ ಅಲೆ ಕೇಳುವುದನ್ನು ಕಲಿಸಿದರು. ಎರಡು ತಂತಿ ಚೂರೇ ಚೂರು ಹೊಂದದಿದ್ದರೆ ಸ್ವರದೊಳಗೆ ಒಂದು ನಡುಕ ಏಳುತ್ತದೆ, ವಾಂವ್ ವಾಂವ್ ವಾಂವ್ ಎಂದು. ತಂತಿ ಸುತ್ತಿದ ಗೂಟವನ್ನು ತಿರುಗಿಸಲು ಅವರಲ್ಲಿ ಉದ್ದ ಹಿಡಿಯ ಒಂದು ಚಾವಿ ಇತ್ತು. ಅದನ್ನು ತಿರುಗಿಸುತ್ತಿದ್ದರು ಎನ್ನುವುದಕ್ಕಿಂತ, ತಿರುಗಿಸಬೇಕೆಂದು ಯೋಚಿಸುತ್ತಿದ್ದರು ಎನ್ನಬೇಕು, ಕೈ ಅಲುಗಿದ್ದು ಕಾಣುತ್ತಲೇ ಇರಲಿಲ್ಲ. ನಡುಕ ನಿಧಾನವಾಗುತ್ತದೆ. ಮತ್ತೂ ನಿಧಾನ. ನಿಂತೇ ಹೋಗುತ್ತದೆ. ನಿಂತ ಆ ಗಳಿಗೆಯಲ್ಲಿ ಚೇಟ್ಟ ಮೂಗಿನಿಂದ ದೊಡ್ಡದೊಂದು ಉಸಿರು ಬಿಡುತ್ತಿದ್ದರು. ಚಾವಡಿಯಲ್ಲಿ ಇದ್ದ ನಾವೂ ನಮಗರಿಯದೆ ಬಿಡುತ್ತಿದ್ದೆವು.

ಒಮ್ಮೆ ನಮ್ಮ ಬೀದಿಯ ಸಂಗೀತದ ಟೀಚರು ಶ್ರುತಿಯ ದಿನವೇ ಬಂದು ಕೂತರು. ಕೇಳಿ ಕೇಳಿ ಕೊನೆಗೆ, "ಗಾಂಧಾರ ಸ್ವಲ್ಪ ಮೇಲೆ ನಿಂತಿದೆಯಲ್ಲ," ಎಂದರು.

"ನಿಮ್ಮ ಕಿವಿ ಸರಿ ಉಂಟು ಟೀಚರೇ," ಎಂದರು ಚೇಟ್ಟ. "ನಿಮ್ಮ ತಂಬೂರಿಯಲ್ಲಿ ಒಂದೇ ಮನೆ. ಇಲ್ಲಿ ಹನ್ನೆರಡು ಸ್ವರ, ಹನ್ನೆರಡು ಮನೆಗೆ ಒಂದೇ ಬಾವಿ. ಒಬ್ಬರೇ ಕೊಡ ತುಂಬಿಸಿಕೊಂಡರೆ ಉಳಿದವರಿಗೆ ಇಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡ್ಬೇಕು."

"ಹಾಗಾದರೆ ಒಬ್ಬರಿಗೂ ಪೂರ್ತಿ ಸಮಾಧಾನ ಇಲ್ಲ."

"ಜಗಳವೂ ಇಲ್ಲ," ಎಂದು ನಕ್ಕರು.

ಮಳೆಗಾಲದಲ್ಲಿ ಮರ ತೇವ ಹೀರಿ ಕೀಗಳು ಒತ್ತಿದಲ್ಲೇ ಕೂರುತ್ತವೆ. ಅದಕ್ಕೆ ಅವರು ಪಿಯಾನೋದ ಕೆಳಹೊಟ್ಟೆಯಲ್ಲಿ ಒಂದು ಬಲ್ಬು ನೇತುಹಾಕಿ, ಆಷಾಢದಿಂದ ದಸರಾವರೆಗೆ ಅದು ಉರಿಯುತ್ತಲೇ ಇರಬೇಕು ಎಂದಿದ್ದರು. ಹಲಗೆಯ ಸಂದಿಯಿಂದ ಬೆಳಕು ಕಾಣುತ್ತಿತ್ತು. ನೆರೆಮನೆಯ ಅಜ್ಜಿ ಒಮ್ಮೆ ಅದನ್ನು ನೋಡಿ ಕೈಮುಗಿದು, "ಇದು ಯಾವ ದೈವ ಮಗ?" ಎಂದು ನನ್ನನ್ನು ಕೇಳಿದ್ದುಂಟು. ಚೇಟ್ಟನಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ. "ಕೈ ಮುಗಿದದ್ದು ಒಳ್ಳೆಯದೇ ಆಯ್ತು," ಎಂದರು.

ಇನ್ನು ನನ್ನ ಕತೆ.

ಮದುವೆಯ ದಿನ ಅತ್ತೆ ನನ್ನ ಬೆರಳಿಗೆ ಕೆಂಪು ಕಲ್ಲಿನ ಒಂದು ಉಂಗುರ ತೊಡಿಸಿದ್ದರು. ಅವರ ಅತ್ತೆ ಅವರಿಗೆ ತೊಡಿಸಿದ್ದು. "ಸ್ನಾನಕ್ಕೆ ಹೋಗುವಾಗ ತೆಗೆ. ಬೇರೆ ಯಾವುದಕ್ಕೂ ತೆಗೆಯುದು ಬೇಡ" ಎಂದಿದ್ದರು. ಆದರೆ ನನಗೆ ಪಿಯಾನೋ ಕಲಿಸಿದ ಸಿಸ್ಟರು ಬಳೆ, ಉಂಗುರ ತೆಗೆದಿಡದೆ ಕೀ ಮುಟ್ಟಲು ಬಿಡುತ್ತಿರಲಿಲ್ಲ. ಆ ಅಭ್ಯಾಸ ಬೆರಳಿಗೆ ಹತ್ತಿಬಿಟ್ಟಿತ್ತು. ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ, ಉಂಗುರ ತೆಗೆದು ಪಿಯಾನೋದ ಮೇಲಿಟ್ಟು ನುಡಿಸುತ್ತಿದ್ದೆ. ಮದುವೆಯಾದ ಎರಡನೆಯ ವರ್ಷ ಒಂದು ಬೆಳಿಗ್ಗೆ, ಸ್ವರ ದೊಡ್ಡದಾಗಿ ಬರಲೆಂದು ಮೇಲಿನ ಮುಚ್ಚಳ ತೆರೆದು ಅಲ್ಲೇ ಅಂಚಿನಲ್ಲಿ ಉಂಗುರ ಇಟ್ಟೆ. ಗೇಟಿನ ಸದ್ದಾಯಿತು. ಅತ್ತೆ ಬಂದರೆಂದು ದಡಬಡ ಮುಚ್ಚಳ ಹಾಕಿ ಒಳಗೆ ಓಡಿದೆ. ಸ್ವಲ್ಪ ಹೊತ್ತಿಗೆ ನೆನಪಾಗಿ ಬಂದು ನೋಡಿದರೆ ಉಂಗುರವಿಲ್ಲ. ಟಾರ್ಚು ಹಾಕಿ ಒಳಗೆ ನೋಡಿದೆ, ಕೈ ಹಾಕಿ ತಡಕಿದೆ. ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅತ್ತೆಯ ಕಣ್ಣು ನನ್ನ ಬೆರಳಿಗೆ ಹೋಯಿತು.

"ಉಂಗುರ ಎಲ್ಲಿ?"

ಇಪ್ಪತ್ತೊಂದು ವರ್ಷ ನನಗೆ. ಬಾಯಿಗೆ ಬಂದ ಸುಳ್ಳು ಹೇಳಿದೆ. "ಸ್ನಾನಕ್ಕೆ ಹೋಗುವಾಗ ಕೋಣೆಯ ಕನ್ನಡಿಯ ಎದುರು ಇಟ್ಟಿದ್ದೆ. ಬಂದು ನೋಡಿದರೆ ಇಲ್ಲ."

ಆ ಬೆಳಿಗ್ಗೆ ಕೋಣೆ ಗುಡಿಸಿದ್ದವಳು ವಾರಿಜ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮಂಡೆಕೋಲಿನ ಅಣ್ಣನ ಮನೆಯಲ್ಲಿ ಹಂಗಿನಲ್ಲಿ ಇರಲಾರದೆ ಪುತ್ತೂರಿಗೆ ಬಂದು, ನಮ್ಮಲ್ಲೂ ಇನ್ನೆರಡು ಮನೆಗಳಲ್ಲೂ ಕೆಲಸ ಮಾಡುತ್ತಿದ್ದಳು. ಅತ್ತೆ ಪೋಲೀಸಿಗೆ ಹೇಳಲಿಲ್ಲ, ಬಯ್ಯಲೂ ಇಲ್ಲ. "ನಾಳೆಯಿಂದ ಬರುದು ಬೇಡ" ಎಂದರು, ಅಷ್ಟೆ. ವಾರಿಜ, "ಎಂತಕ್ಕಮ್ಮ?" ಎಂದು ಕೇಳಿದಳು. ಅತ್ತೆ ಒಳಗೆ ಹೋದರು. ಅವಳು ನನ್ನ ಮುಖ ನೋಡಿದಳು. ನಾನು ಕೊಡ ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ.

ಮಾತು ಮನೆಯಿಂದ ಮನೆಗೆ ಹೋಯಿತು. ಇನ್ನೆರಡು ಮನೆಯವರೂ ಅವಳನ್ನು ಬಿಡಿಸಿದರು. ಅವಳು ಅದೇ ಅಣ್ಣನ ಮನೆಗೆ ಹಿಂದೆ ಹೋದಳೆಂದು ಕೇಳಿದೆ. ನಾನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಪಿಯಾನೋದ ಮೇಲಿಂದ ಅವಳೇ ತೆಗೆದಿರಬಹುದಲ್ಲ, ಒರೆಸುವವಳು ಅವಳೇ ತಾನೆ ಎಂದು. ಅದು ನನಗೆ ಬಹಳ ಅನುಕೂಲದ ಸಂಶಯ. ಅದನ್ನು ಎಂಟು ವರ್ಷ ಜೋಪಾನ ಮಾಡಿದೆ.

ಆ ವರ್ಷ ಶ್ರುತಿಗೆ ಬಂದಾಗ ಚೇಟ್ಟ ಒಂದು ಕೀಯ ಮೇಲೆ ನಿಂತುಬಿಟ್ಟರು. ನಡುವಿನಿಂದ ಸ್ವಲ್ಪ ಎಡಕ್ಕೆ, ಒಂದು ಬಿಳಿ ಕೀ. ಒತ್ತಿದರೆ ಸ್ವರದ ಜೊತೆ ಜಿರ್ ಎಂದು ಒಂದು ಸದ್ದು, ಗಾಜಿನ ಮೇಲೆ ಜೀರುಂಡೆ ಕೂತಂತೆ.

"ಇದು ತಂತಿಯದ್ದಲ್ಲ," ಎಂದರು. "ಇಲ್ಲೇ ಎಲ್ಲೋ ಎಂತದೋ ಇದರ ಜೊತೆ ನಡುಗ್ತಾ ಉಂಟು."

ಅಂದಿನಿಂದ ಪ್ರತಿ ವರ್ಷ ಶ್ರುತಿ ಮುಗಿದ ಮೇಲೆ ಒಂದು ತಾಸು ಅವರು ಆ ಜಿರ್ ಅನ್ನು ಹುಡುಕುತ್ತಿದ್ದರು. ಗೋಡೆಯ ಪಟ ಇಳಿಸಿದರು. ಶೋಕೇಸಿನ ಗ್ಲಾಸುಗಳನ್ನು ಹೊರಗೆ ಇಡಿಸಿದರು. ಹಿತ್ತಾಳೆಯ ದೀಪಕ್ಕೆ ಬಟ್ಟೆ ಸುತ್ತಿದರು. ಒಮ್ಮೆ ಮಾವನ ಕನ್ನಡಕ ತೆಗೆಸಿ ಕೈಯಲ್ಲಿ ಹಿಡಿಸಿ ಕೀ ಒತ್ತಿ ನೋಡಿದರು. ಇನ್ನೊಂದು ವರ್ಷ ಕಿಟಕಿಯ ಸಡಿಲ ಗಾಜೇ ಕಾರಣ ಎಂದು ಪತ್ತೆ ಮಾಡಿ, ಅದಕ್ಕೆ ಕಾಗದ ತುರುಕಿ, ಗೆದ್ದ ಖುಷಿಗೆ ಅತ್ತೆ ಮಾಡಿದ ಬನ್ಸ್ ಎರಡು ಹೆಚ್ಚಿಗೆ ತಿಂದರು. ಅವರ ಬಸ್ಸು ಉಪ್ಪಿನಂಗಡಿ ಮುಟ್ಟುವ ಮೊದಲೇ ನಾನು ಆ ಕೀ ಒತ್ತಿದೆ. ಜಿರ್ ಅಲ್ಲೇ ಇತ್ತು. ಅವರಿಗೆ ಕಾಗದ ಬರೆದು ತಿಳಿಸಬಹುದಿತ್ತು. ಬರೆಯಲಿಲ್ಲ. ಮುಂದಿನ ವರ್ಷ ಬಂದವರು ಗಡಿಯಾರ ನಿಲ್ಲಿಸುವ ಮೊದಲೇ ಅದನ್ನು ಒತ್ತಿ ನೋಡಿ, ನನ್ನ ಕಡೆ ತಿರುಗಿ, "ಇಷ್ಟು ದಿನ ನಿಮಗೆ ಕೇಳಿಸಲಿಲ್ಲವಾ ಮೋಳೆ?" ಎಂದರು. ಇಲ್ಲ ಎಂದೆ.

ಎಂಬತ್ತರ ದಶಕ ಶುರುವಾಗಿತ್ತು. ಪಿಯಾನೋದ ಬುಡದ ಹಲಗೆಗೆ ಗೆದ್ದಲು ಹತ್ತಿದ್ದು ಕಾಣಿಸಿತು. ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯನ್ನು ಹುಳ ತಿಂದಿತ್ತು. "ಬಿಚ್ಚಿ ಪೂರ್ತಿ ಮಾಡುವಾ," ಎಂದರು ಚೇಟ್ಟ. ಹತ್ತು ದಿನಕ್ಕೆಂದು ಬಂದು, ಮಾವನ ಕಕ್ಷಿಗಾರರು ಉಳಿದುಕೊಳ್ಳುವ ಹೊರಗಿನ ಕೋಣೆಯಲ್ಲಿ ಇಳಿದರು.

ಚಾವಡಿಯ ತುಂಬ ಚಾಪೆ ಹಾಸಿ ಕೀಗಳನ್ನು ನಂಬರಿನ ಪ್ರಕಾರ ಸಾಲಾಗಿ ಮಲಗಿಸಿದರು. ಕೀಗಳ ಅಡಿಯಿಂದ ಪೆನ್ಸಿಲಿನ ತುಂಡು, ಕೋಟಿನ ಗುಂಡಿ, ಯಾವುದೋ ದೊರೆಸಾನಿಯ ಹೇರ್‌ಪಿನ್ನು, ಇಲಿ ತಂದಿಟ್ಟ ಭತ್ತ ಎಲ್ಲ ಸಿಕ್ಕಿತು. ಪ್ರತಿ ಸಲ ಅವರು ಬಗ್ಗಿ ಏನನ್ನಾದರೂ ಎತ್ತುವಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಉಂಗುರ ಸಿಗಲಿಲ್ಲ.

ತಂತಿಗಳನ್ನೆಲ್ಲ ಹೊಸದು ಹಾಕಿಬಿಡಿ ಎಂದು ಮಾವ ಹೇಳಿದರು. ಚೇಟ್ಟ ಒಪ್ಪಲಿಲ್ಲ. ತುಕ್ಕು ತಿಂದದ್ದನ್ನು ಮಾತ್ರ ಬದಲಿಸಿ, ಉಳಿದವನ್ನು ಉಜ್ಜಿ ಒರೆಸಿ ಹಾಗೇ ಬಿಟ್ಟರು. "ಹೊಸದು ಹಾಕಿದರೆ ಮಿಂಚ್ತದೆ ಸಾರ್. ಆದರೆ ಇದರದ್ದು ಮರದ ಸ್ವರ, ಬೇಗ ಬಂದು ಬೇಗ ಹೋಗುದು. ಅದು ಹೋದರೆ ಮತ್ತೆ ತರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಏಳನೆಯ ದಿನ ಎಲ್ಲವನ್ನೂ ಮರಳಿ ಕೂರಿಸಿ ತಂತಿ ಬಿಗಿದು ಮೊದಲು ಒತ್ತಿದ್ದು ಆ ಕೀಯನ್ನೇ.

ಜಿರ್.

ಚೇಟ್ಟ ಸ್ಟೂಲಿನ ಮೇಲೆ ಕೂತುಬಿಟ್ಟರು. ನನ್ನ ಗಂಡ ಕೆಲಸಕ್ಕೆ, ಮಾವ ಕೋರ್ಟಿಗೆ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

"ಮೊದಲನೇ ವರ್ಷ ಇದು ಇರಲಿಲ್ಲ," ಎಂದು ನಿಧಾನಕ್ಕೆ ಹೇಳಿದರು. "ಮರು ವರ್ಷ ಬಂತು. ಆ ನಡುವೆ ಇದರೊಳಗೆ ಎಂತದೋ ಬಿದ್ದಿದೆ. ಸಣ್ಣದು. ಲೋಹದ್ದು. ಇದರ ಮೇಲೆ ನೀವು ಎಂತಾದರೂ ಇಡ್ತಿದ್ದಿರಾ ಮೋಳೆ?"

ಇನ್ನೊಮ್ಮೆ ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಮನುಷ್ಯ ಎಂಟು ವರ್ಷದಿಂದ ನಮ್ಮ ಮನೆಯ ಪಟ, ಗಾಜು, ಕನ್ನಡಕಗಳನ್ನು ಸಂಶಯಿಸುತ್ತಾ ಬಂದದ್ದು ಕಣ್ಣಮುಂದೆ ಬಂತು.

"ಒಂದು ಉಂಗುರ," ಎಂದೆ.

"ಎಲ್ಲಿ ಇಟ್ಟದ್ದು?"

ಜಾಗ ತೋರಿಸಿದೆ. ಅವರು ಚೀಲದಿಂದ ಒಂದು ಸಣ್ಣ ವಾಶರ್ ತೆಗೆದು, ಅದಕ್ಕೆ ನೂಲು ಕಟ್ಟಿ, ಅದೇ ಅಂಚಿನಿಂದ ಒಳಗೆ ಬಿಟ್ಟು ಕಿವಿಗೊಟ್ಟರು. ಟಿಣ್ ಎಂದು ತಂತಿಗೆ ತಾಗಿತು. ಟಕ್ ಎಂದು ಹಲಗೆಗೆ ತಾಗಿತು. ಮತ್ತೆ ಸದ್ದಿಲ್ಲ. ಎಳೆದು ಎರಡನೆಯ ಸಲ ಬಿಟ್ಟರು, ಮೂರನೆಯ ಸಲ ಬಿಟ್ಟರು. ಆಮೇಲೆ ನೆಲದ ಮೇಲೆ ಮಲಗಿ, ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಸಣ್ಣ ಕನ್ನಡಿಯನ್ನು ಕಬ್ಬಿಣದ ಚೌಕಟ್ಟಿನ ಹಿಂದಿನ ಸಂದಿಗೆ ತೂರಿಸಿ, ಟಾರ್ಚು ಹಾಕಿದರು. ಕೊನೆಗೆ ಬಗ್ಗಿಸಿದ ತಂತಿಯೊಂದನ್ನು ಕೇಳಿ ತೆಗೆದುಕೊಂಡರು.

ಧೂಳು ಮೆತ್ತಿದ ಉಂಗುರವನ್ನು ಮುಂಡಿನ ಅಂಚಿನಲ್ಲಿ ಒರೆಸಿ ಸ್ಟೂಲಿನ ಮೇಲಿಟ್ಟರು. ಎದ್ದು ಕೀ ಒತ್ತಿದರು. ಸ್ವರ ಬಂತು, ಶುದ್ಧವಾಗಿ, ಒಂಟಿಯಾಗಿ, ಚಾವಡಿಯ ಆ ಮೂಲೆಯವರೆಗೆ ಹೋಗಿ ನಿಂತಿತು. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅವರಿಗೆ ಎಲ್ಲ ಹೇಳಿದೆ.

ಅವರು ಸಮಾಧಾನ ಹೇಳಲಿಲ್ಲ. ಅಳು ನಿಲ್ಲುವವರೆಗೆ ಕಾದರು.

"ಅತ್ತೆಗೆ ಹೇಳುದು ಬೇಡ ಚೇಟ್ಟ," ಎಂದೆ. "ವಾರಿಜಳಿಗೆ ಬೇರೆ ಏನಾದರೂ ಸಹಾಯ ಮಾಡ್ತೇನೆ."

"ತಪ್ಪಿದ ತಂತಿಯನ್ನು ಬಿಟ್ಟು ಪಕ್ಕದ್ದನ್ನು ಬಿಗಿದರೆ ಆಗುದಿಲ್ಲ ಮೋಳೆ," ಎಂದರು. ಆಮೇಲೆ ಚಾವಿಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಕತೆ ಹೇಳಿದರು.

ಮದ್ರಾಸಿನ ಅಂಗಡಿಯಲ್ಲಿ ಅವರ ಕೈಗೆ ಹೀಗೇ ಹಳೆಯ ಪಿಯಾನೋ ಒಂದು ಬಂದಿತ್ತು. ಯಜಮಾನರು ಊರಲ್ಲಿ ಇರಲಿಲ್ಲ. ಹತ್ತೊಂಬತ್ತರ ಪ್ರಾಯದ ಜಂಬ. ಪೂರ್ತಿ ಶ್ರುತಿಗೆ ಎಳೆದೇಬಿಡುತ್ತೇನೆಂದು ಎಳೆದರು. ಅವರು ಊಟಕ್ಕೆ ಹೋದಾಗ ಕೋವಿ ಹೊಡೆದ ಹಾಗೆ ಸದ್ದಾಗಿ ಚೌಕಟ್ಟು ಬಿರಿಯಿತು. ಆ ಹೊತ್ತಿಗೆ ಹತ್ತಿರ ನಿಂತು ಪಾಲಿಶ್ ಮಾಡುತ್ತಿದ್ದದ್ದು ಜೊತೆ ಕೆಲಸದವನು. ಯಜಮಾನರು ಅವನನ್ನು ಕೆಲಸದಿಂದ ಬಿಡಿಸಿದರು.

"ನಾನು ಬಾಯಿ ಬಿಡಲಿಲ್ಲ. ಮತ್ತೆ ಆ ಅಂಗಡಿಯಲ್ಲಿ ನಿಲ್ಲಲಿಕ್ಕೂ ಆಗಲಿಲ್ಲ. ಕಡಬದ ಕಾಡಿಗೆ ಬಂದದ್ದು ಹಾಗೆ. ನಾಲ್ಕು ವರ್ಷ ಬಿಟ್ಟು ಅವನನ್ನು ಹುಡುಕಿಕೊಂಡು ಮದ್ರಾಸಿಗೆ ಹೋದೆ. ಅವನ ಕೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಲ್ಲಿಗೆ ಹೋದ, ಬದುಕಿದ್ದಾನಾ, ಎಂತದೂ ಗೊತ್ತಿಲ್ಲ." ಚಾವಿಯನ್ನು ಚೀಲಕ್ಕೆ ಹಾಕಿ, "ನಿಮ್ಮ ವಾರಿಜ ಮಂಡೆಕೋಲಿನಲ್ಲಿ ಇದ್ದಾಳಲ್ಲ. ಎರಡು ಬಸ್ಸಿನ ದಾರಿ," ಎಂದರು. "ನನಗೆ ನಾಳೆ ಸುಳ್ಯದಲ್ಲಿ ಒಂದು ಹಾರ್ಮೋನಿಯಂ ನೋಡುದುಂಟು. ನಾನೂ ಬರ್ತೇನೆ."

ಅಂದು ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯ ಮುಂದೆ ಉಂಗುರ ಇಟ್ಟು ಹೇಳಿದೆ. ಅವರು ಉಂಗುರವನ್ನು ಮುಟ್ಟಲಿಲ್ಲ.

"ಎಷ್ಟು ವರ್ಷ ಆಯಿತು?"

"ಎಂಟು."

"ನಿಜ ಹೇಳಿದರೆ ನಾನು ಎಂತ ಮಾಡ್ತೇನೆ ಅಂತ ಇತ್ತು ನಿನಗೆ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಬೈಗುಳ ಹುಡುಕುವವರ ಹಾಗಲ್ಲ, ಏನನ್ನೋ ಲೆಕ್ಕ ಹಾಕುವವರ ಹಾಗೆ. "ಅಷ್ಟು ಹೆದರಿಸಿದ್ದೇನಾ ನಾನು ನಿನ್ನನ್ನು?" ಎಂದರು. ಎದ್ದು ಒಳಗೆ ಹೋದರು. ಊಟಕ್ಕೆ ಏಳಲಿಲ್ಲ. ಮರುದಿನ ನಾನೂ ಚೇಟ್ಟನೂ ಹೊರಡುವ ಹೊತ್ತಿಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದರು. "ಯಾವ ಬಸ್ಸು?" ಎಂದು ಕೇಳಿದರು.

ಮಂಡೆಕೋಲಿನಲ್ಲಿ ಬಸ್ಸಿಳಿದು ಅರ್ಧ ಮೈಲಿ ನಡೆದೆವು. ವಾರಿಜ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನಮ್ಮನ್ನು ನೋಡಿದಳು, ಗುರುತು ಹಿಡಿದಳು, ಏಳಲಿಲ್ಲ.

ಅತ್ತೆ ಮಾತು ಶುರು ಮಾಡಲು ಹೋದರು. ನಾನು ಅವರ ಕೈ ಹಿಡಿದು ತಡೆದೆ. ತುಳುವಿನಲ್ಲಿ ಹೇಳಿದೆ, ಉಂಗುರ ನಾನೇ ಪಿಯಾನೋದ ಮೇಲೆ ಇಟ್ಟದ್ದು, ಅದು ಒಳಗೆ ಬಿದ್ದದ್ದು, ನಿನ್ನೆ ಸಿಕ್ಕಿದ್ದು, ಕನ್ನಡಿಯ ಎದುರು ಇಟ್ಟಿದ್ದೆ ಎಂದದ್ದು ಶುದ್ಧ ಸುಳ್ಳು ಎಂದು.

ವಾರಿಜ ಕೈಯಲ್ಲಿದ್ದ ಬೀಡಿಯನ್ನು ಪೂರ್ತಿ ಸುತ್ತಿದಳು. ನೂಲು ಕಟ್ಟಿದಳು. ಮೊರದಲ್ಲಿ ಇಟ್ಟಳು.

"ಇನ್ನೊಮ್ಮೆ ಹೇಳಿ," ಎಂದಳು. "ಅತ್ತಿಗೆ ಒಳಗೆ ಇದ್ದಾಳೆ. ಅವಳು ಕೇಳ್ಬೇಕು."

ಅತ್ತಿಗೆಯನ್ನು ಕರೆದಳು. ಇನ್ನೊಮ್ಮೆ ಹೇಳಿದೆ. ಗದ್ದೆಯಲ್ಲಿದ್ದ ಅಣ್ಣನನ್ನು ಕೂಗಿದಳು, ಬೇಲಿಯ ಆಚೆಯ ಮನೆಯ ಹೆಂಗಸನ್ನೂ ಕೂಗಿದಳು. ಮೂರನೆಯ ಸಲ ಹೇಳಿದೆ. ಮೊದಲ ಸಲ ಮೊರವನ್ನು ನೋಡುತ್ತಾ ಹೇಳಿದ್ದೆ. ಎರಡನೆಯ ಸಲ ಅತ್ತಿಗೆಯ ಮುಖ ನೋಡಿ ಹೇಳಿದ್ದೆ. ಮೂರನೆಯ ಸಲ ಮಾತು ಹರಿದು ಬಂತು. ಹೇಳಿ ಮುಗಿಸಿದಾಗ ನಾನು ಎಷ್ಟೋ ವರ್ಷಗಳಿಂದ ಹೊಟ್ಟೆ ತುಂಬ ಉಸಿರೇ ತೆಗೆದುಕೊಂಡಿರಲಿಲ್ಲ ಎಂದು ಗೊತ್ತಾಯಿತು.

"ಎಂಟು ವರ್ಷ," ಎಂದಳು ವಾರಿಜ, ಅತ್ತಿಗೆಯ ಕಡೆ ನೋಡಿ. "ಇಲ್ಲಿ ಸಕ್ಕರೆ ಡಬ್ಬ ಖಾಲಿಯಾದರೂ ನನ್ನ ಕೈ ನೋಡ್ತಿದ್ದರು." ಅತ್ತಿಗೆ ನೆಲ ನೋಡಿದಳು. "ಒಂದು ಮಾತು ನೀವು ಅವತ್ತೇ ಹೇಳಬಹುದಿತ್ತಲ್ಲ ಅಕ್ಕ. ಒಂದೇ ಮಾತು."

"ಹೌದು," ಎಂದೆ.

ಅತ್ತೆ ಮುಂದೆ ಬಂದು, "ತಪ್ಪು ನನ್ನದೂ ಉಂಟು ವಾರಿಜ. ನಿನ್ನನ್ನು ಒಂದು ಮಾತು ಕೇಳದೆ ಕಳಿಸಿದೆ. ಬಾ, ನಮ್ಮ ಮನೆಗೇ ಬಾ," ಎಂದು ಸೆರಗಿನ ಗಂಟು ಬಿಚ್ಚಿ ಉಂಗುರ ತೆಗೆದರು. "ಇದು ನಿನಗೆ."

"ಕೆಲಸ ಬೇಡಮ್ಮ. ನನಗೆ ಬೀಡಿ ಉಂಟು, ಎರಡು ದನ ಉಂಟು. ಉಂಗುರವೂ ಬೇಡ." ಅವಳು ಕುತ್ತಿಗೆ ಮುಂದೆ ಚಾಚಿದಳು. "ತೋರಿಸಿ ನೋಡುವಾ. ನಾನು ಕದ್ದ ಉಂಗುರ ಹೇಗೆ ಉಂಟು ಅಂತ ನಾನು ಸರಿಯಾಗಿ ನೋಡ್ಲೇ ಇಲ್ಲ."

ಅತ್ತೆ ಅಂಗೈ ಮೇಲಿಟ್ಟು ತೋರಿಸಿದರು. ವಾರಿಜ ಆಚೆ ಈಚೆ ನೋಡಿ, "ಇಷ್ಟೇಯಾ!" ಎಂದಳು. ಮೊದಲು ನಕ್ಕದ್ದು ಬೇಲಿಯಾಚೆಯ ಹೆಂಗಸು. ಆಮೇಲೆ ವಾರಿಜ. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೂ ನಕ್ಕಳು.

ಚೇಟ್ಟ ಇಷ್ಟು ಹೊತ್ತೂ ಅಂಗಳದ ಆ ಕೊನೆಯಲ್ಲಿ, ತಮಗೆ ಸಂಬಂಧವೇ ಇಲ್ಲದವರಂತೆ ತೆಂಗಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದರು.

"ಅವರು ಯಾರು?" ಎಂದು ಕೇಳಿದಳು ವಾರಿಜ.

"ಉಂಗುರ ಹುಡುಕಿದವರು," ಎಂದೆ.

ಅವಳು ಒಳಗೆ ಹೋಗಿ ನೀರು ಬೆಲ್ಲ ತಂದಳು. ನಮ್ಮನ್ನು ದಾಟಿ ಅಂಗಳಕ್ಕೆ ಇಳಿದು ಮೊದಲು ಅವರಿಗೆ ಕೊಟ್ಟಳು. ಆಮೇಲೆ ಅತ್ತೆಗೆ ಕೊಟ್ಟಳು. ನನ್ನ ಎದುರು ಒಂದು ಗಳಿಗೆ ನಿಂತಳು. ನನಗೂ ಕೊಟ್ಟಳು.

ಸುಳ್ಯದಲ್ಲಿ ಬಸ್ಸು ಕಾಯುವಾಗ, "ಹಾರ್ಮೋನಿಯಂ ನೋಡುದಿತ್ತಲ್ಲ ಚೇಟ್ಟ?" ಎಂದು ಕೇಳಿದೆ. "ಅದು ಸರಿಯಾಗಿಯೇ ಉಂಟು," ಎಂದರು.

ಪುತ್ತೂರಿನ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಕಿಟಕಿಯ ಬದಿ ನಾನು, ನಡುವೆ ಅತ್ತೆ, ಆಚೆ ಚೇಟ್ಟ. ಜಾಲ್ಸೂರು ದಾಟುವ ಮೊದಲೇ ಚೇಟ್ಟನಿಗೆ ನಿದ್ದೆ ಹತ್ತಿತು. ಬಾಯಿ ತೆರೆದು, ಗೊರಕೆ ಹೊಡೆಯುತ್ತಾ, ಪ್ರತಿ ತಿರುವಿನಲ್ಲೂ ವಾಲಿ ವಾಲಿ, ಕೊನೆಗೆ ತಲೆ ಅತ್ತೆಯ ಹೆಗಲ ಮೇಲೆ ನಿಂತಿತು. ನಾನು ಗಾಬರಿಯಿಂದ ಅವರನ್ನು ಎಬ್ಬಿಸಲು ಕೈ ಚಾಚಿದೆ. ಅತ್ತೆ ನನ್ನ ಕೈಯನ್ನು ಮೆಲ್ಲನೆ ಕೆಳಗಿಳಿಸಿದರು. ಹೆಗಲು ಅಲುಗಿಸದೆ ನೆಟ್ಟಗೆ ಕೂತರು. ಮುಂದಿನ ಸ್ಟಾಪಿನಲ್ಲಿ ಕಂಡಕ್ಟರು ನಮ್ಮ ತಲೆಯ ಮೇಲೆಯೇ ಸೀಟಿ ಬಾಯಿಗಿಟ್ಟ.

"ಊದುದು ಬೇಡ ಮಾರಾಯ," ಎಂದರು ಅತ್ತೆ. "ಅವರು ಮಲಗಿದ್ದಾರೆ."

ಅವನು ಅತ್ತೆಯನ್ನು ನೋಡಿದ, ಅವರ ಹೆಗಲ ಮೇಲಿನ ತಲೆಯನ್ನು ನೋಡಿದ, ಸೀಟಿಯನ್ನು ಕಿಸೆಗೆ ಹಾಕಿಕೊಂಡ. ಪುತ್ತೂರು ಬರುವವರೆಗೂ ಬಾಗಿಲಿನಲ್ಲಿ ನಿಂತು ಬಸ್ಸಿನ ಮೈಯನ್ನು ಅಂಗೈಯಿಂದ ತಟ್ಟಿ ತಟ್ಟಿಯೇ ನಿಲ್ಲಿಸಿದ, ತಟ್ಟಿಯೇ ಹೊರಡಿಸಿದ.